ಓಗೊಡದ ಲೇಖನ

ನಮ್ಮ ಊರಿನಲ್ಲಿ ಯಾರೂ ಏನನ್ನೂ ಹುಡುಕುವುದಿಲ್ಲ, ಕರೆಯುತ್ತಾರೆ. ಕತ್ತರಿ ಬೇಕಾದರೆ ಪಡಸಾಲೆಯಲ್ಲಿ ನಿಂತು "ಕತ್ತರೀ" ಎಂದು ಕರೆದರೆ ಸಾಕು, ಯಾವುದೋ ಡಬ್ಬಿಯೊಳಗಿಂದ ಟಕ್ ಟಕ್ ಎಂದು ಸದ್ದು ಬರುತ್ತದೆ, ಹೋಗಿ ತೆಗೆದುಕೊಳ್ಳುವುದು. ಕರೆಯದೆ ಬರಿಗೈಯಿಂದ ತಡಕಾಡಿದರೆ ಮೂಗಿನ ಕೆಳಗಿದ್ದದ್ದೂ ಸಿಗುವುದಿಲ್ಲ. ವಸ್ತುವಿಗೆ ಹೆಸರು ಹೇಳಿಕೊಡಬೇಕಾದವರು ಅದನ್ನು ಮಾಡಿದವರೇ. ಕುಂಬಾರ ಸುಟ್ಟ ಗಡಿಗೆಯನ್ನು ಎತ್ತಿಕೊಂಡು ಅದರ ಬಾಯಿಗೆ ಬಾಯಿಟ್ಟು "ಗಡಿಗೆ" ಅನ್ನುತ್ತಾನೆ. ದರ್ಜಿ ಕೊನೆಯ ಗುಂಡಿ ಹಚ್ಚಿ ಕಾಲರಿನೊಳಗೆ ಪಿಸುಗುಟ್ಟುತ್ತಾನೆ. ಬೇರೆಯವರು ಹೆಸರು ಕಲಿಸಲು ಎಷ್ಟು ಬಾಯಿ ಬಡಿದುಕೊಂಡರೂ ಅವು ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಾನು ಈ ಊರಿಗೆ ದೂರದಿಂದ ಸೊಸೆಯಾಗಿ ಬಂದವಳು. ಬಂದ ಮಾರನೆಯ ಬೆಳಗ್ಗೆ ಅತ್ತೆ ಅಂಗಳ ಗುಡಿಸು ಎಂದರು. ನಾನು ಬಾಗಿಲಲ್ಲಿ ನಿಂತು "ಪೊರಕೆ, ಪೊರಕೆ" ಎಂದು ಕರೆದೆ. ಏನೂ ಅಲುಗಾಡಲಿಲ್ಲ. ಗಂಟಲು ಏರಿಸಿ ಕರೆದೆ. ಪಕ್ಕದ ಮನೆಯವರು ಇಣುಕಿದರೇ ಹೊರತು ಪೊರಕೆ ಬರಲಿಲ್ಲ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ಅತ್ತೆ ಅಡುಗೆಮನೆಯಿಂದಲೇ "ಕಸಬರಿಗೀ" ಎಂದರು. ಬಾಗಿಲ ಸಂದಿಯಿಂದ ಅದು ನನ್ನ ಕಾಲಮೇಲೆಯೇ ಬಿತ್ತು. ಅತ್ತೆ ನಗುತ್ತಾ ನಗುತ್ತಾ ನೆಲಕ್ಕೆ ಕುಳಿತುಬಿಟ್ಟರು. ಆದರೆ ಸಂತೆಯ ದಿನ ನನ್ನನ್ನು ಕರೆದುಕೊಂಡು ಹೋಗಿ ಕಸಬರಿಗೆ ಕಟ್ಟುವವಳ ಮುಂದೆ ನಿಲ್ಲಿಸಿ, "ಇನ್ನ ಮುಂದ ಕಟ್ಟುವಾಗ ಎರಡೂ ಹೆಸರು ಹೇಳವ್ವಾ, ನಮ್ಮ ಸೊಸಿ ಪೊರಕೆ ಅಂತಾಳ" ಎಂದು ಹೇಳಿಬಂದರು. ಅಂಥ ಜೀವ ಅದು.

ನಮ್ಮವರು, ಅಂದರೆ ಅಡಿವೆಪ್ಪ ಮಾಸ್ತರರು, ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಆ ಕಾಲೇಜು ಒಂದು ಸಂಶೋಧನ ತ್ರೈಮಾಸಿಕವನ್ನು ಹೊರಡಿಸುತ್ತಿತ್ತು. ಅದರಲ್ಲಿ ಅಚ್ಚಾದ ಒಂದೊಂದು ಲೇಖನವನ್ನೂ ಬೇರೆ ಹೊತ್ತಿಗೆಯಾಗಿ ಹೊಲಿದು, ಬೂದು ರಟ್ಟು ಹಾಕಿ, ವಾಚನಾಲಯದ ಹಿಂದಿನ ಕೋಣೆಯ ಕಪಾಟುಗಳಲ್ಲಿ ಇಡುತ್ತಿದ್ದರು. ಬರೆದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಹೊತ್ತಿಗೆಯನ್ನು ತುಟಿಯ ಹತ್ತಿರ ಹಿಡಿದು, ಲೇಖನದ ಉದ್ದ ಹೆಸರನ್ನು ಗಂಭೀರವಾಗಿ ಹೇಳಿಕೊಟ್ಟು, ಚಹಾ ಕುಡಿದು ಹೋಗುತ್ತಿದ್ದರು. ಆ ಹೆಸರುಗಳೋ, ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿರುತ್ತಿತ್ತು. ಅತ್ತ ಬಡಗಿ ಬಂದು "ಗೆದ್ದಲು" ಎಂದು ಕರೆಯುವನು. ತೋಟದವಳು ಬಂದು "ಬದನೆಕಾಯಿ ಹುಳ" ಎಂದು ಕರೆಯುವಳು. ಒಂದು ರಟ್ಟೂ ಮಿಸುಕುತ್ತಿರಲಿಲ್ಲ. "ಇಲ್ಲಿ ನಮಗ ಬೇಕಾದ್ದು ಏನೂ ಇಲ್ಲ ಬಿಡ್ರಿ" ಎಂದು ಅವರು ಹೋಗಿಬಿಡುವರು. ಅವರಿಗೆ ಬೇಕಾದದ್ದು ಅವರ ಬೆನ್ನ ಹಿಂದೆಯೇ ಸಾಲಾಗಿ ನಿಂತಿರುತ್ತಿತ್ತು.

ಇದನ್ನು ನೋಡಿ ನೋಡಿ ಬೇಸತ್ತ ಪ್ರಿನ್ಸಿಪಾಲರು ಒಂದು ದಿನ ನನ್ನನ್ನು ಕರೆಸಿದರು. "ನೀವು ಆ ಪೊರಕೆ ಪ್ರಸಂಗದವರಲ್ಲವೇ? ಒಂದೇ ವಸ್ತುವಿಗೆ ಎರಡು ಹೆಸರಿರುತ್ತದೆ ಅಂತ ನಿಮಗೆ ಗೊತ್ತು. ನಮ್ಮ ಲೇಖಕರಿಗೆ ಗೊತ್ತಿಲ್ಲ" ಎಂದು ಹೇಳಿ ಒಂದು ಮೇಜು, ಒಂದು ಕುರ್ಚಿ ಕೊಟ್ಟರು. ನೇಮಕದ ಆದೇಶದಲ್ಲಿ ನನ್ನ ಕೆಲಸಕ್ಕೆ ಸೂಚೀಕರಣ ಎಂದಿತ್ತು. ಊರವರು ಹೆಸರಕ್ಕ ಎಂದರು. ಲೇಖನವನ್ನು ಓದುವುದು, ಬರೆದವರನ್ನು ಎದುರಿಗೆ ಕೂರಿಸಿಕೊಳ್ಳುವುದು, ಕೇಳುವುದು: "ಸರ್, ನಿಮ್ಮ ಲೇಖನದ ಹೆಸರು ಗೊತ್ತಿಲ್ಲದವರು, ಆದರೆ ಇದೇ ಬೇಕಾದವರು, ಏನೆಂದು ಕರೆದಾರು?"

ಮೊದಮೊದಲು ಎಲ್ಲರಿಗೂ ಮುಜುಗರ. ಪ್ರಾಣಿಶಾಸ್ತ್ರದವರು ತಮ್ಮ ಹೊತ್ತಿಗೆಗೆ "ಗೆದ್ದಲು" ಎಂದು ಹೇಳಿಕೊಟ್ಟದ್ದು, ಮಗುವಿನ ಮುಂದೆ ಬೈಗುಳ ಆಡಿದಷ್ಟು ಮೆಲ್ಲಗೆ. ಮುಂದೆ ಬಡಗಿ ಬಂದು ಕರೆದಾಗ ಆ ಬೂದು ರಟ್ಟು ಸಾಲಿನಿಂದ ಬೆರಳಷ್ಟು ಹೊರಗೆ ಬಂತು. ಬಡಗಿ ಬೆಚ್ಚಿಬಿದ್ದು ಅದಕ್ಕೆ ಕೈಮುಗಿದ. ಸುದ್ದಿ ಕೇಳಿದ ಪ್ರಾಣಿಶಾಸ್ತ್ರದವರು ಪಾಠ ಬಿಟ್ಟು ಓಡಿಬಂದು, ಬಡಗಿಯ ಪಕ್ಕದಲ್ಲೇ ಕುಳಿತು, ಅವನು ಪುಟ ತಿರುಗಿಸುವುದನ್ನೇ ನೋಡುತ್ತಿದ್ದರು. ಇನ್ನೊಬ್ಬರು, ಬಂಡೆಗಲ್ಲುಗಳ ಮೇಲೆ ಬರೆದವರು, ನಾನು ಊಟಕ್ಕೆ ಹೋದ ಹೊತ್ತಿನಲ್ಲಿ ಬಂದು ತಮ್ಮ ಹೊತ್ತಿಗೆಗೆ ಮಳೆ, ಮದುವೆ, ತಲೆನೋವು, ಹಪ್ಪಳ ಎಂದೆಲ್ಲ ಹೇಳಿಕೊಟ್ಟುಬಿಟ್ಟಿದ್ದರು. ಯಾರು ಏನು ಕರೆದರೂ ಮೊದಲು ಅದೇ ಜಿಗಿದು ಬರುವುದು. ಹಪ್ಪಳಕ್ಕೆ ಹುಳ ಬೀಳದಂತೆ ಏನು ಮಾಡಬೇಕೆಂದು ಕೇಳಿ ಬಂದ ಮುದುಕಿಗೆ ಬಂಡೆಗಲ್ಲು ಸಿಕ್ಕಿತು. ಕೊನೆಗೆ ಅದನ್ನು ಗೋಣಿದಾರದಿಂದ ಕಟ್ಟಿಹಾಕಬೇಕಾಯಿತು. ಅಂದಿನಿಂದ ಒಳಗಿಲ್ಲದ ಹೆಸರನ್ನು ಯಾರೂ ಹೇಳಿಕೊಡುವಂತಿಲ್ಲ, ಹೇಳುವಾಗ ನಾನು ಎದುರಿಗಿರಲೇಬೇಕು ಎಂದು ಪ್ರಿನ್ಸಿಪಾಲರು ಕಟ್ಟುಮಾಡಿದರು.

ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಬಾರದವರು ನಮ್ಮವರೊಬ್ಬರೇ.

ಇವರು ಬರೆದದ್ದು ಒಂದೇ ಲೇಖನ. ಅದಕ್ಕಾಗಿ ಎಷ್ಟೋ ವರ್ಷ ಊರ ಸುತ್ತಲಿನ ಬಾವಿ, ಬೋರ್‌ವೆಲ್ಲುಗಳ ನೀರನ್ನು ಸೀಸೆಗಳಲ್ಲಿ ತಂದು ಪರೀಕ್ಷಿಸಿದ್ದರು, ಮನೆಮನೆಗೆ ಹೋಗಿ ಮಕ್ಕಳ ಬಾಗಿದ ಕಾಲು ಅಳೆದಿದ್ದರು. ಇವರ ಕಾಲುಗಳೂ ಹಾಗೆಯೇ. ಚಿಕ್ಕವರಿದ್ದಾಗಲೇ ಮೊಣಕಾಲು ಒಳಕ್ಕೆ ಬಾಗಿ, ನಡೆದರೆ ಒಂದಕ್ಕೊಂದು ಉಜ್ಜುತ್ತಿದ್ದವು. ಯಾಕೆ ಹೀಗಾಯಿತು ಎಂದು ತಿಳಿಯುವ ಹಟದಿಂದಲೇ ಇವರು ಓದಿದ್ದು, ಬರೆದದ್ದು. ಲೇಖನ ಅಚ್ಚಾದಾಗ ಕಾಲೇಜಿನ ಸಭಾಂಗಣದಲ್ಲಿ ಓದಿಸಿದರು. ಅಧ್ಯಕ್ಷತೆ ವಹಿಸಿದ್ದ ದೊಡ್ಡ ಮನುಷ್ಯರೊಬ್ಬರು ಭಾಷಣದ ಕೊನೆಗೆ, "ನಮ್ಮ ಸೊಟ್ಟಗಾಲು ಮಾಸ್ತರರು ಸೊಟ್ಟಗಾಲಿನ ಮೇಲೇ ಬರೆದಾರ, ಬ್ಯಾರೆ ಯಾರು ಬರೀಬೇಕು?" ಎಂದರು. ಸಭೆ ನಕ್ಕಿತು. ಮರುದಿನದಿಂದ ಇವರು ತರಗತಿಗೆ ಹೋಗುವ ಮೊದಲೇ ಹಲಗೆಯ ಮೇಲೆ ಆ ಮಾತು ಬರೆದಿರುತ್ತಿತ್ತು.

ಲೇಖನಕ್ಕೆ ಇವರು ಹೇಳಿಕೊಟ್ಟದ್ದು ಪೂರ್ತಿ ಶೀರ್ಷಿಕೆಯೊಂದನ್ನೇ: ಆಳ ಅಂತರ್ಜಲದ ಫ್ಲೋರೈಡ್ ಸಾಂದ್ರತೆಗೂ ಬಾಲ್ಯಾವಸ್ಥೆಯ ಜಾನುಸಂಧಿ ವಿರೂಪತೆಗೂ ಇರುವ ಸಹಸಂಬಂಧ, ಮುಂದೆ ಇನ್ನೂ ಏನೋ. ಅದನ್ನು ಯಾರೂ ಕರೆಯಲಿಲ್ಲ, ಉಳಿದದ್ದೂ ಆ ಒಂದೇ ಪ್ರತಿ. ನಿವೃತ್ತರಾದ ಮೇಲೆ ಇವರು ಆಗಾಗ ವಾಚನಾಲಯಕ್ಕೆ ಬಂದು, ಆ ಕೋಣೆಯ ಬಾಗಿಲ ಬಳಿ ಪೇಪರು ಹಿಡಿದು ಕೂರುತ್ತಿದ್ದರು. ಯಾರಾದರೂ ಒಳಗೆ ಹೋದರೆ ಪೇಪರು ಸ್ವಲ್ಪ ಕೆಳಗಿಳಿಯುತ್ತಿತ್ತು. ಅವರು ಕರೆದದ್ದು ಬೇರೆಯದನ್ನು ಎಂದು ತಿಳಿದಾಗ ಮತ್ತೆ ಮೇಲೇರುತ್ತಿತ್ತು.

"ಒಂದು ಸಣ್ಣ ಹೆಸರು ಹೇಳಿಕೊಡ್ರೀ" ಎಂದು ನಾನು ಎಷ್ಟೋ ಸಲ ಕೇಳಿದ್ದೆ.

"ಬೇಕಾದವರು ಪೂರಾ ಹೆಸರು ಹಿಡದು ಕರೀತಾರ, ನೀಲಾ" ಎನ್ನುವರು. "ಅದು ಸಣ್ಣ ಹೆಸರಿಗೆ ಬರೂ ಲೇಖನ ಅಲ್ಲ." ಅಲ್ಲಿಗೆ ಮಾತು ಮುಗಿಯಿತು. ಯಾವ ಸಣ್ಣ ಹೆಸರೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹುಲಿಗೆವ್ವ ಬಂದಳು. ಗುಡ್ಡದ ಬದಿಯ ಹೊಸ ಓಣಿಯವಳು, ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುವವಳು. ಕಂಕುಳಲ್ಲಿ ಮಗಳು ದುರ್ಗಿ. ಎತ್ತಿಕೊಳ್ಳುವ ವಯಸ್ಸು ದಾಟಿದ ಹುಡುಗಿ, ಕಾಲು ತಾಯಿಯ ಮೊಣಕಾಲಿನವರೆಗೂ ಇಳಿಬಿದ್ದಿದ್ದವು.

"ಅಕ್ಕಾರ, ಇಲ್ಲಿ ಕರದ್ರ ಬರ್ತಾವಂತ, ಖರೇ ಏನ್ರಿ?"

"ಹೌದಮ್ಮ. ಏನು ಬೇಕಾಗಿತ್ತು?"

ಅವಳು ಮಗಳನ್ನು ಕೆಳಗಿಳಿಸಿದಳು. ಹುಡುಗಿ ಗೋಡೆ ಹಿಡಿದು ನಿಂತಿತು. ಮೊಣಕಾಲು ಎರಡೂ ಕೂಡಿದ್ದವು, ಪಾದಗಳು ಒಂದೊಂದು ದಿಕ್ಕಿಗೆ. "ಹುಟ್ಟಿದಾಗ ನೆಟ್ಟಗ ಇದ್ಲ್ರಿ. ಹೊಸಾ ಮನಿಗೆ ಬಂದ ಮ್ಯಾಲೆ ಹಿಂಗಾತು. ಡಾಕ್ಟರು ಶಕ್ತಿ ಇಲ್ಲ ಅಂತ ಟಾನಿಕ್ ಬರದಾರ. ಓಣ್ಯಾಗ ಇನ್ನೂ ಹುಡುಗ್ರದ್ದು ಹಂಗ ಆಗಾಕತ್ತಾವು." ಹೀಗೆಂದು ಅವಳು ಕಪಾಟುಗಳ ಕಡೆ ತಿರುಗಿ, ಬಾಗಿಲಲ್ಲಿ ನಿಂತು ದೇವರನ್ನು ಕರೆಯುವ ಹಾಗೆ ಕರೆದಳು. "ಸೊಟ್ಟಗಾಲು." ಏನೂ ಇಲ್ಲ. "ಕೂಸಿನ ಕಾಲು. ಮೊಣಕಾಲು ತಿಕ್ಕೋದು. ಕಾಲು ಡೊಂಕು." ಬಂಡೆಗಲ್ಲಿನ ಹೊತ್ತಿಗೆಯೊಂದು ದಾರದಲ್ಲಿ ಒದ್ದಾಡಿತು, ಅಷ್ಟೇ.

 ಅವಳು ಕರೆಯುತ್ತಿದ್ದುದು ಯಾವುದನ್ನು ಎಂದು ನನಗೆ ಗೊತ್ತು. ನಾನೇ ಎದ್ದು ಶೀರ್ಷಿಕೆಯನ್ನು ಹೇಳಿ ಕರೆದೆ. ಕೊನೆಯ ತುಂಡು ನೆನಪಾಗಲಿಲ್ಲ. ತೋಚಿದ್ದನ್ನೆಲ್ಲ ಸೇರಿಸಿ ನೋಡಿದೆ, ಬರಲಿಲ್ಲ. "ನಾಳೆ ಬಾರಮ್ಮ, ಮರೀಬೇಡ" ಎಂದು ಅವಳಿಂದ ಮಾತು ತೆಗೆದುಕೊಂಡು ಮನೆಗೆ ಹೋದೆ.

ಇವರು ಊಟ ಮಾಡುತ್ತಿದ್ದರು. ಹೇಳಿದೆ. ಕೈ ತಟ್ಟೆಯಲ್ಲೇ ನಿಂತಿತು.

"ಗುಡ್ಡದ ಬದಿ ಬೋರ್‌ವೆಲ್ ಎಷ್ಟು ಆಳ ಹೊಡದಾರ?"

"ನನಗೇನು ಗೊತ್ತು?"

"ನೀರೇ ಅದು. ನೀರೇ, ಮತ್ತೇನಲ್ಲ." ಕೈ ತೊಳೆದವರೇ ಚಪ್ಪಲಿ ಮೆಟ್ಟಿಕೊಂಡು ಪುರಸಭೆಗೆ ಹೊರಟುಬಿಟ್ಟರು. ನಾನು ಹಿಂದೆಯೇ ಓಡಿದೆ.

ಅಲ್ಲಿಯ ಇಂಜಿನಿಯರ್ ಹಾದಿಮನಿ ಒಳ್ಳೆಯ ಹುಡುಗ, ಇವರ ಶಿಷ್ಯನೇ. ಎದ್ದು ಕುರ್ಚಿ ಕೊಟ್ಟ. ಎಲ್ಲ ಕೇಳಿದ. ಆಮೇಲೆ ತಲೆ ಕೆರೆದುಕೊಂಡ. "ಸರ್, ಆ ಓಣಿಯವರು ತಾವೇ ರೊಕ್ಕದ ಪಟ್ಟಿ ಕೂಡಿಸಿ ಹಾಕಿಸಿದ ಬೋರ್‌ವೆಲ್ ಅದು. ಎಷ್ಟು ವರ್ಷ ನೀರಿಲ್ಲದ ಒದ್ದಾಡಿದವರು. ಇವತ್ತು ಹೋಗಿ ಬೀಗ ಹಾಕ್ತೀನಿ ಅಂದ್ರ ನನ್ನ ಹರದು ತಿಂತಾರ. ನೀವು ಪರೀಕ್ಷೆ ಮಾಡಿದ್ದು, ಅಳತಿ, ಅಂಕಿ, ಏನಾರ ಕೈಯಾಗ ಕೊಡ್ರಿ. ನಾನು ಡಾಕ್ಟರ್‌ಗೂ ತೋರಿಸ್ತೀನಿ, ಓಣಿಯವರ ಮುಂದೂ ಓದ್ತೀನಿ."

"ಎಲ್ಲಾ ಬರದಿಟ್ಟೀನಪ್ಪಾ."

"ಎಲ್ಲಿ ಸರ್?"

ಇವರು ಎದ್ದು ಬಂದರು.

ಮಾರನೆಯ ದಿನ ವಾಚನಾಲಯದ ಬಾಗಿಲು ತೆಗೆಯುವಾಗ ನನ್ನ ಜೊತೆಗೇ ಬಂದರು. ಪೇಪರು ಹಿಡಿಯಲಿಲ್ಲ. ನೇರವಾಗಿ ಕೋಣೆಗೆ ಹೋಗಿ, ಎದೆ ಸೆಟೆಸಿ ನಿಂತು, ತಮ್ಮ ಲೇಖನದ ಹೆಸರನ್ನು ಕರೆದರು. ಆಳ ಅಂತರ್ಜಲದಿಂದ ಹಿಡಿದು ಸಹಸಂಬಂಧದವರೆಗೆ ಬಂದು, "ಒಂದು ಪರಿಶೀಲನೆ" ಎಂದು ಮುಗಿಸಿದರು. ಕಪಾಟು ಸುಮ್ಮನಿತ್ತು. "ಒಂದು ವಿವೇಚನೆ" ಎಂದರು. "ಒಂದು ಅಧ್ಯಯನ" ಎಂದರು. ನನ್ನ ಕಡೆ ತಿರುಗಿದ ಅವರ ಮುಖವನ್ನು ನನ್ನಿಂದ ನೋಡಲಾಗಲಿಲ್ಲ. ಮೇಷ್ಟ್ರು ಹೇಳಿದ ಪದ್ಯ ಮರೆತ ಹುಡುಗನ ಮುಖ ಅದು.

"ನೀಲಾ, ಕಡೀ ಶಬ್ದ ನೆನಪಾಗವಲ್ದು."

"ಬಿಡ್ರೀ, ನಿಧಾನವಾಗಿ ನೆನಪಾಗುತ್ತೆ."

"ನಾನ ಬರದದ್ದು, ನನಗ ನೆನಪಿಲ್ಲಂದ್ರ ಬ್ಯಾರೆ ಯಾರು ಕರದಾರು?" ಎಂದು ಹೇಳಿ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕುಳಿತರು. ಇಷ್ಟು ವರ್ಷ ನಾನು ಹೇಳುತ್ತಾ ಬಂದ ಮಾತನ್ನು ಅವರ ಬಾಯಿಂದಲೇ ಕೇಳಿದಾಗ ನನಗೆ ಸಂತೋಷವಾಗಲಿಲ್ಲ. ಪಕ್ಕದಲ್ಲಿ ಹೋಗಿ ಕುಳಿತೆ.

ಅಷ್ಟರಲ್ಲಿ ಹುಲಿಗೆವ್ವ ಬಂದಳು. ದುರ್ಗಿಯನ್ನು ಕೆಳಗಿಳಿಸಿ, "ಮಾಸ್ತರ್ರ, ನಮಸ್ಕಾರ್ರಿ" ಎಂದಳು. ಇವರು ಎದ್ದು ಹುಡುಗಿಯ ಹತ್ತಿರ ಹೋದರು. ನಾಲ್ಕು ಹೆಜ್ಜೆ ಅಷ್ಟೇ, ಆದರೆ ದುರ್ಗಿ ಅದನ್ನು ಕಣ್ಣರಳಿಸಿ ನೋಡಿತು.

"ಅವ್ವಾ, ಅಜ್ಜನ ಕಾಲೂ ನನ್ನಂಗ ಅದಾವ!"

ಹುಲಿಗೆವ್ವ ಗಾಬರಿಯಿಂದ ಅದರ ಬಾಯಿ ಮುಚ್ಚಿದಳು. "ಹುಚ್ಚು ಕೂಸು, ತಪ್ಪು ತಿಳೀಬ್ಯಾಡ್ರಿ."

 ಕಾಲಿನ ಮಾತನ್ನು ನಗೆಚಾಟಿಕೆಯಿಲ್ಲದೆ, ನೆಂಟರು ಸಿಕ್ಕ ಖುಷಿಯಲ್ಲಿ ಇವರಿಗೆ ಹೇಳಿದವರು ಯಾರೂ ಇರಲಿಲ್ಲ. ಇವರು ನೆಲದ ಮೇಲೆ ಕುಳಿತರು. ಕುಳಿತುಕೊಳ್ಳುವುದು ಇವರಿಗೆ ಸುಲಭವಲ್ಲ, ಗೋಡೆ ಹಿಡಿದು ಹಂತಹಂತವಾಗಿ ಇಳಿಯಬೇಕು. ಇಳಿದು, ಹುಡುಗಿಯ ಮೊಣಕಾಲನ್ನು ಎರಡೂ ಅಂಗೈಯಲ್ಲಿ ಹಿಡಿದು ನೋಡಿದರು.

"ಹೌದವ್ವಾ, ನನ್ನಂಗ. ನೋಯ್ತಾವ? ನೂಸತಾವ?"

"ಓಡಿದ್ರ ನೂಸತಾವ."

"ನನಗೂ." ಆಮೇಲೆ ತಲೆಯೆತ್ತಿ ತಾಯಿಯನ್ನು ಕೇಳಿದರು. "ತಂಗಿ, ನಿನ್ನೆ ನೀನು ಇಲ್ಲಿ ಏನಂತ ಕರದಿ?"

ಹುಲಿಗೆವ್ವ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ನೆಲ ನೋಡುತ್ತಾ ಹೇಳಿದಳು. "ಸೊಟ್ಟಗಾಲು ಅಂತ ಕರದ್ನಿರಿ. ಮೊಣಕಾಲು ತಿಕ್ಕೋದು ಅಂತ."

ಇವರು ಎದ್ದರು. ಹೊತ್ತಿಗೆ ಯಾವ ಸಾಲಿನಲ್ಲಿದೆಯೋ ಗೊತ್ತಿಲ್ಲ, ತಡಕಿದರೆ ಸಿಗುವ ಊರೂ ನಮ್ಮದಲ್ಲ. ಮೊದಲ ಕಪಾಟಿನ ಹತ್ತಿರ ಹೋಗಿ, ರಟ್ಟುಗಳಿಗೆ ತುಟಿ ತಾಗುವಷ್ಟು ಬಾಗಿ, "ಸೊಟ್ಟಗಾಲು" ಎಂದರು. ಒಂದು ಹೆಜ್ಜೆ ಸರಿದು ಮತ್ತೆ "ಸೊಟ್ಟಗಾಲು". ಮೊದಲ ಸಲ ದನಿಯೇ ಹೊರಡಲಿಲ್ಲ. ಎರಡನೆಯ ಕಪಾಟಿಗೆ ಬರುವಷ್ಟರಲ್ಲಿ ಕೇಳಿಸುವಷ್ಟಾಯಿತು. ಹಾಗೆಯೇ ಸಾಲುಸಾಲಿಗೆ ಹೇಳುತ್ತಾ ಹೋದರು, ತಾವು ಬರೆದದ್ದರ ಕಿವಿ ಎಲ್ಲಿದೆಯೋ ಎಂದು ಹುಡುಕುವವರ ಹಾಗೆ. ಕೆಳಗಿನ ಸಾಲುಗಳಿಗೆ ಹೇಳಲು ಮತ್ತೆ ಮತ್ತೆ ಕೂರಬೇಕು, ಏಳಬೇಕು. ನಾನು ತೋಳು ಹಿಡಿದುಕೊಂಡೆ. ದುರ್ಗಿಗೆ ಇದು ಆಟವೆನ್ನಿಸಿ, ಗೋಡೆ ಹಿಡಿದು ಹಿಂದೆಯೇ ಬಂದು, ಇವರು ಹೇಳಿದ್ದನ್ನೇ ತಾನೂ ಹೇಳತೊಡಗಿತು. "ಜೋರಾಗಿ ಹೇಳಜ್ಜಾ, ಅದಕ್ಕ ಕೇಳಂಗಿಲ್ಲೇನೋ" ಎಂದಿತು. ಇವರು ಜೋರಾಗಿ ಹೇಳಿದರು. ಓದುತ್ತಾ ಕುಳಿತಿದ್ದವರು ಬಾಗಿಲಲ್ಲಿ ಬಂದು ನಿಂತರು. ಯಾರೂ ನಗಲಿಲ್ಲ.

ಕಿಟಕಿಯ ಕೆಳಗಿನ ಕಪಾಟಿನಲ್ಲಿ, ನೆಲಕ್ಕೆ ಹತ್ತಿದ ಸಾಲಿನಲ್ಲಿ, ಒಂದು ರಟ್ಟು ನಡುಗಿತು. ಬಹಳ ದಿನ ಮಲಗಿದ್ದ ಮುದುಕ ಎದ್ದು ಕೂರುವ ಹಾಗೆ ಇಷ್ಟಿಷ್ಟೇ ಹೊರಬಂತು. ದುರ್ಗಿಯೇ ಅದನ್ನು ಎಳೆದು ಇವರ ಕೈಗೆ ಕೊಟ್ಟಿತು. ಇವರು ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿ, ಶೀರ್ಷಿಕೆ ಓದಿ, "ಒಂದು ಅವಲೋಕನ! ಥೂ, ಅವಲೋಕನ!" ಎಂದು ಹೇಳಿ ನಗತೊಡಗಿದರು. ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಅದನ್ನು ತುಟಿಯ ಹತ್ತಿರ ಹಿಡಿದು, ಹುಲಿಗೆವ್ವನನ್ನು ಪಕ್ಕಕ್ಕೆ ಕರೆದು, ಅವಳು ಹೇಳಿದ ಒಂದೊಂದು ಹೆಸರನ್ನೂ ಅದಕ್ಕೆ ಹೇಳಿಕೊಟ್ಟರು. ಕಾಲು ಡೊಂಕು. ಕೂಸಿನ ಕಾಲು. ಬೋರ್‌ವೆಲ್ ನೀರು. ಹಲ್ಲು ಕಂದು ಆಗೋದು. ಸೂಚೀಕರಣದ ಅಧಿಕಾರಿಯಾಗಿ ನಾನು ಎದುರಿಗಿದ್ದು ಎಲ್ಲವೂ ಒಳಗಿದೆಯೆಂದು ಒಪ್ಪಿದೆ.

ಅದೇ ವಾರ ಹಾದಿಮನಿ ಹೊಸ ಓಣಿಯ ಕಟ್ಟೆಯ ಮೇಲೆ ನಿಂತು ಲೇಖನವನ್ನು ಓದಿದ. ಓಣಿಯವರು ಮೊದಲು ಜಗಳಕ್ಕೇ ಬಂದರು. ನೀರು ಅವರ ಬೆವರಿನದು. ಆದರೆ ಅಂಕಿ ಓದುವಾಗ ಒಬ್ಬೊಬ್ಬರೂ ತಮ್ಮ ಮಕ್ಕಳ ಹಲ್ಲು, ಮಂಡಿ ನೋಡತೊಡಗಿದರು. ಆ ನೀರನ್ನು ಪರೀಕ್ಷೆಗೆ ಕಳಿಸಿದರು, ಇವರು ಬರೆದದ್ದಕ್ಕಿಂತ ಫ್ಲೋರೈಡ್ ಹೆಚ್ಚೇ ಬಂತು. ಬೋರ್‌ವೆಲ್ ನೀರು ಗೋಡೆ ಕಟ್ಟಲು, ಬಟ್ಟೆ ಒಗೆಯಲು ಎಂದಾಯಿತು. ಕುಡಿಯಲು ಹಳೆಯ ಮೆಟ್ಟಿಲ ಬಾವಿಯ ಹೂಳು ತೆಗೆಸಿ ಕೊಳವೆ ಹಾಕಿಸಿದರು. ಡಾಕ್ಟರು ಟಾನಿಕ್ಕಿನ ಚೀಟಿ ಹರಿದು, ಹಾಲು, ರಾಗಿ, ಸೊಪ್ಪು ಎಂದು ಬರೆದು, ಕಾಲಿಗೆ ಪಟ್ಟಿ ಕಟ್ಟಿಸಿದರು. ಚಿಕ್ಕ ಮಕ್ಕಳ ಕಾಲು ಬೆಳೆಯುತ್ತಾ ಬೆಳೆಯುತ್ತಾ ನೆಟ್ಟಗಾಗತೊಡಗಿದವು. ದುರ್ಗಿಯವು ಪೂರ್ತಿ ಅಲ್ಲ, ಬಹುಮಟ್ಟಿಗೆ. ಈಗ ಅವಳು ಓಡುತ್ತಾಳೆ, ನೂಸುವುದಿಲ್ಲ. ಆದರೆ ಮೀಸೆ ಮೂಡುವ ವಯಸ್ಸಿನ ಹುಡುಗರಿಬ್ಬರ ಕಾಲು ಹಾಗೆಯೇ ಉಳಿಯಿತು. ಆ ಹುಡುಗರ ಮನೆಗೆ ಇವರು ವಾರಕ್ಕೊಮ್ಮೆ ಹೋಗುತ್ತಾರೆ. ಹೋಗಿ ಏನು ಮಾಡುತ್ತಾರೆ ಎಂದು ಕೇಳಿದರೆ, "ಕೇರಂ ಆಡ್ತೀವಿ" ಎನ್ನುತ್ತಾರೆ. ಬಂದ ದಿನ ಊಟ ಕಡಿಮೆ ಮಾಡುತ್ತಾರೆ. ಮೊದಲೇ ಹೇಳಿಕೊಟ್ಟಿದ್ದರೆ ಎಂಬ ಮಾತನ್ನು ನಾನೂ ಎತ್ತುವುದಿಲ್ಲ, ಅವರೂ ಎತ್ತುವುದಿಲ್ಲ.

ಲೇಖನಕ್ಕೆ ಮಾತ್ರ ಈಗ ಬಿಡುವಿಲ್ಲ. ಸುತ್ತಲಿನ ಹಳ್ಳಿಗಳಿಂದ ಬಂದು ಕರೆಯುತ್ತಾರೆ, ಕಾಲೇಜಿನವರು ಮತ್ತೆ ಅಚ್ಚು ಹಾಕಿಸಿದರು, ಹೊಸ ಪ್ರತಿಗಳಿಗೆಲ್ಲ ಇವರು ಒಂದೊಂದಾಗಿ ಹೆಸರು ಹೇಳಿಕೊಟ್ಟು ಗಂಟಲು ಕಟ್ಟಿಸಿಕೊಂಡರು. ನನ್ನ ಮೇಜಿನ ಪಕ್ಕಕ್ಕೇ ಒಂದು ಕುರ್ಚಿ ಹಾಕಿಕೊಂಡಿದ್ದಾರೆ. ಹೊಸ ಲೇಖಕರು ಬಂದು ಮುಖ ಸಿಂಡರಿಸಿದರೆ, ನನಗಿಂತ ಮೊದಲು ಇವರೇ ಬಾಯಿ ಹಾಕುತ್ತಾರೆ. "ತಮ್ಮಾ, ನಾಚಬ್ಯಾಡ. ಸಣ್ಣ ಹೆಸರು ಹೇಳು."

ಮೊನ್ನೆ ಒಬ್ಬಾತ ಬಂದಿದ್ದ. ನಾಲ್ಕು ಬಸ್ಸು ಬದಲಿಸಿ, ಬೆಟ್ಟದಾಚೆಯಿಂದ ಬಂದವನಂತೆ ಧೂಳಿನಿಂದ ಕೆಂಪಗಿದ್ದ. ನಮ್ಮ ಮಾತು ಅವನಿಗೆ ಬಾರದು, ಅವನ ಮಾತು ನಮಗೆ ತಿಳಿಯದು. ಕೋಣೆಯ ನಡುವೆ ನಿಂತು ತನ್ನ ಭಾಷೆಯಲ್ಲಿ ಏನೋ ಕರೆದ. ಮತ್ತೆ ಕರೆದ. ಕಪಾಟುಗಳು ಸುಮ್ಮನಿದ್ದವು. ಆತ ತನ್ನ ಮೊಣಕಾಲು ಮುಟ್ಟಿ ತೋರಿಸಿ, ಅಂಗೈಯನ್ನು ಸೊಂಟದ ಎತ್ತರಕ್ಕೆ ಹಿಡಿದು ಇಷ್ಟೆತ್ತರದ ಮಗು ಎಂದು ಸನ್ನೆ ಮಾಡಿದ.

ಇವರು ಕುರ್ಚಿಯಿಂದ ಎದ್ದು ಅವನ ಹತ್ತಿರ ಹೋಗಿ, ಅವನ ತುಟಿಗಳನ್ನೇ ನೋಡುತ್ತಾ, ಇನ್ನೊಮ್ಮೆ ಹೇಳು ಎಂದು ಕೈಸನ್ನೆ ಮಾಡಿದರು. ಆತ ನಿಧಾನವಾಗಿ ಹೇಳಿದ. ಇವರು ಹೊತ್ತಿಗೆಯ ಬಳಿ ಬಾಗಿ ಆ ಶಬ್ದವನ್ನು ಹೇಳಿದರು. ನಮ್ಮ ನಾಲಿಗೆಗೆ ಹೊರಳದ ಶಬ್ದ. ಆತ ಅವಸರದಿಂದ ಕೈಯಾಡಿಸಿ, ಹಾಗಲ್ಲ ಎಂದು ಮತ್ತೆ ಹೇಳಿಕೊಟ್ಟ. ಇವರು ಮತ್ತೆ ಹೇಳಿದರು. ಈ ಸಲ ಆತನಿಗೆ ನಗು ತಡೆಯಲಾಗಲಿಲ್ಲ, ಇವರಿಗೂ. ಮೂರನೆಯ ಸಲಕ್ಕೆ ಹೊತ್ತಿಗೆ ಮಿಸುಕಿತು. ಇವರು ಅದನ್ನು ತೆಗೆದು ಅವನ ಕೈಗೆ ಕೊಟ್ಟು ಕಳಿಸಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಪುಟ ತೆರೆದು, ಬಾವಿಯ ಚಿತ್ರದ ಮೇಲೆ ಬೆರಳಿಟ್ಟು, ನಿಮ್ಮ ಕಡೆ ಇದಕ್ಕೆ ಏನಂತೀರಿ ಎಂದು ಹುಬ್ಬಿನಲ್ಲೇ ಕೇಳಿದರು. ನಾನು ಚಹಾ ತರಲು ಎದ್ದೆ.